ಲಾಲಸಾಬರ ಬಸ್ಸಿಗೆ ಮಾತ್ರ ಬೀಳುತ್ತಿದ್ದ ಕೆಂಪು ದೀಪ

1976ರಲ್ಲಿ ನಾನು ಬಿಜಾಪುರದ ಸರ್ಕಾರಿ ಬಸ್ ಡಿಪೋದಲ್ಲಿ ಇಲೆಕ್ಟ್ರಿಕಲ್ ಚಾರ್ಜ್‌ಮನ್ ಆಗಿದ್ದೆ. ಊರನ್ನು ವಿಜಯಪುರ ಎಂದು ಬರೆಯುವ ರೂಢಿ ಬಂದದ್ದು ಬಹಳ ವರ್ಷಗಳ ನಂತರ, ಹಾಗಾಗಿ ನನ್ನ ಬಾಯಿಗೆ ಬರುವ ಹೆಸರನ್ನೇ ಬರೆಯುತ್ತೇನೆ. ಚಾರ್ಜ್‌ಮನ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಬ್ಯಾಟರಿ, ಡೈನಮೊ, ಸ್ಟಾರ್ಟರ್, ಹಾರ್ನ್ ಹೀಗೆ ಬಸ್ಸಿನಲ್ಲಿ ಎಲ್ಲೆಲ್ಲಿ ತಂತಿ ಹಾದಿದೆಯೋ ಅದೆಲ್ಲ ನನ್ನ ಕೊರಳಿಗೆ. ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ಸುಮಿತ್ರಾ ಟಿಕೋಟಾದ ಶಾಲೆಯಲ್ಲಿ ಶಿಕ್ಷಕಿ, ನಾನು ಡಿಪೋದ ಹತ್ತಿರ ಒಂದು ಖೋಲಿಯಲ್ಲಿ. ಶನಿವಾರ ಸಂಜೆ ಟಿಕೋಟಾ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಅದೇ ಬಸ್ಸಿನಲ್ಲಿ ವಾಪಸ್. ಅಷ್ಟು ಹತ್ತಿರದ ಊರಿಗೆ ದಿನಾ ಹೋಗಿಬರಲಿಕ್ಕೇನು ಧಾಡಿ ಎಂದು ಈಗಿನವರು ಕೇಳಬಹುದು. ನಮ್ಮ ಪಾಳಿಗಳು ಹಾಗಿದ್ದವು, ಬಸ್ಸುಗಳೂ ಹಾಗಿದ್ದವು. ವಾರದ ಐದು ದಿನ ನಾನು ಅವಳ ನೆನಪಿನಲ್ಲಿ ತಂತಿ ಕಟ್ಟುತ್ತಿದ್ದೆ, ಕೆಲವು ಸಲ ತಪ್ಪಾಗಿಯೂ ಕಟ್ಟುತ್ತಿದ್ದೆ.

ಆ ವರ್ಷ ಗಾಂಧಿ ಚೌಕದಲ್ಲಿ ಪರೀಕ್ಷೆಗೆಂದು ದೀಪದ ಸಿಗ್ನಲ್ ನಿಲ್ಲಿಸಿದ್ದರು. ಟಾಂಗಾ, ಸೈಕಲ್ಲು, ಹತ್ತಿಯ ಬಂಡಿ, ಅಡತಿ ಅಂಗಡಿಗಳ ಹಮಾಲರು ಎಲ್ಲರೂ ಒಂದೇ ಕಾಲಕ್ಕೆ ದಾಟುತ್ತಿದ್ದ ಜಾಗ ಅದು. ಸಿಗ್ನಲ್ಲಿನ ಒಂದು ಸುತ್ತಿಗೆ ತೊಂಬತ್ತು ಸೆಕೆಂಡು. ನಮ್ಮ ರಸ್ತೆಗೆ ನಲವತ್ತೈದು ಸೆಕೆಂಡು ಹಸಿರು, ನಲವತ್ತೈದು ಸೆಕೆಂಡು ಕೆಂಪು. ಟಿಕೋಟಾ ಮತ್ತು ಬಬಲೇಶ್ವರದ ಬೆಳಗಿನ ಬಸ್ಸುಗಳು ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಚೌಕ ದಾಟಿ, ಸೊಲ್ಲಾಪುರದ ರೈಲಿಗೆ ಹೋಗುವವರನ್ನು ಸ್ಟೇಶನ್ನಿಗೆ ಮುಟ್ಟಿಸಬೇಕಿತ್ತು. ನಮ್ಮ ಹಳೆಯ ಗಾಡಿಗಳ ಗುಣ ಎಂಥದೆಂದರೆ, ಕೆಂಪು ದೀಪಕ್ಕೆ ನಿಲ್ಲಿಸಿದರೆ ಎಷ್ಟೋ ಸಲ ಎಂಜಿನ್ನೂ ನಿಲ್ಲುತ್ತಿತ್ತು. ಸ್ಟಾರ್ಟರ್ ಎತ್ತುತ್ತಿರಲಿಲ್ಲ. ಪ್ರಯಾಣಿಕರು ಇಳಿದು ದಬ್ಬಬೇಕು, ಚೌಕದ ಜನ ನಿಂತು ನಗಬೇಕು, ಅಷ್ಟರಲ್ಲಿ ರೈಲು ಹೋಗಬೇಕು. ಬೈಗುಳ ಮಾತ್ರ ಚಾರ್ಜ್‌ಮನ್‌ಗೆ.

ಹೊಸ ಬ್ಯಾಟರಿ ಕೇಳಿದರೆ ಬರುವುದಿಲ್ಲ ಎಂದು ಗೊತ್ತಿತ್ತು. ಹಾಗಿದ್ದರೆ ಬಸ್ಸು ಕೆಂಪಿಗೆ ನಿಲ್ಲದಂತೆ ಮಾಡಿದರೆ ಹೇಗೆ ಎಂದು ಯೋಚಿಸಿದೆ. ಚೌಕದಲ್ಲೇ ದಸ್ತಗೀರ ಎಂಬ ಗಡಿಯಾರ ರಿಪೇರಿಯವನಿದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಇಪ್ಪತ್ತೈದು ವರ್ಷದ, ಮಾತು ಕಡಿಮೆಯ ಮನುಷ್ಯ. ನಾಲ್ಕು ಹಳೆಯ ಅಲಾರಂ ಗಡಿಯಾರಗಳ ಚಕ್ರ ಬದಲಿಸಿ, ಒಂದೇ ಮುಳ್ಳು ತೊಂಬತ್ತು ಸೆಕೆಂಡಿಗೆ ಒಂದು ಸುತ್ತು ಬರುವಂತೆ ಅವನು ಮಾಡಿಕೊಟ್ಟ. ಮುಖಪಟ್ಟಿಯ ಅರ್ಧಕ್ಕೆ ಹಸಿರು, ಅರ್ಧಕ್ಕೆ ಕೆಂಪು ಬಣ್ಣ ನಾನು ಬಳಿದು, ನಾಲ್ಕೂ ಬಸ್ಸುಗಳಲ್ಲಿ ಡ್ರೈವರ್ ಎದುರಿಗೆ ಒಂದೊಂದು ಕೂರಿಸಿದೆ. ಸಿಗ್ನಲ್ಲಿನಿಂದ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಗೆ ಒಂದು ತಂತಿ ಎಳೆದು ಬಲ್ಬು ಕೂರಿಸಿದೆವು. ಚೌಕದಲ್ಲಿ ಹಸಿರು ಬಂದಾಗ ಇಲ್ಲಿ ಬಲ್ಬು ಹೊತ್ತುತ್ತಿತ್ತು. ಆಗ ಡ್ರೈವರ್ ಗಡಿಯಾರದ ಗುಂಡಿ ಒತ್ತಿ ಹೊರಡಬೇಕು. ಚೌಕಕ್ಕೆ ಒಂದು ಫರ್ಲಾಂಗ್ ಮೊದಲು, ಅಂದರೆ ಇನ್ನೂರು ಮೀಟರ್ ಮೊದಲು, ಒಂದು ಕಂಬಕ್ಕೆ ಸುಣ್ಣ ಬಳಿದಿದ್ದೆವು. ಆ ಕಂಬದ ಹತ್ತಿರ ಮುಳ್ಳು ಹಸಿರಿನಲ್ಲಿದ್ದರೆ ಅದೇ ವೇಗದಲ್ಲಿ ಹೋಗಬೇಕು, ಕೆಂಪಿನಲ್ಲಿದ್ದರೆ ವೇಗ ಇಳಿಸಬೇಕು. ಮಾಡುವುದು ಇಷ್ಟೇ. ಬಸ್ಸು ನಿಲ್ಲದೆ ದಾಟುತ್ತಿತ್ತು.

ನಿಜ ಹೇಳುತ್ತೇನೆ, ಮೊದಲ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಟಿಕೋಟಾದ ಎರಡೂ ಬಸ್ಸುಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಚೌಕ ದಾಟಿದವು. ಬಬಲೇಶ್ವರದ ಒಂದು ಬಸ್ಸೂ ದಾಟಿತು. ಇನ್ನೊಂದು ಮಾತ್ರ ದಿನಾ ಕೆಂಪಿಗೆ ಸಿಕ್ಕಿಬೀಳುತ್ತಿತ್ತು. ಅದರ ಡ್ರೈವರ್ ಲಾಲಸಾಬರು. ಬಬಲೇಶ್ವರದವರೇ, ಐವತ್ತು ದಾಟಿದವರು, ಇಡೀ ಸೇವೆಯಲ್ಲಿ ಒಂದು ನಾಯಿಗೂ ಗಾಡಿ ತಾಗಿಸಿದವರಲ್ಲ. ಅಂಥವರಿಗೆ ಒಂದು ಮುಳ್ಳು ನೋಡಿ ಗಾಡಿ ಓಡಿಸಲಿಕ್ಕೆ ಬರುವುದಿಲ್ಲವೆಂದರೆ ನಂಬುವುದು ಹೇಗೆ?

ಗಡಿಯಾರದ್ದೇ ತಪ್ಪಿರಬೇಕು ಎಂದು ಬಿಚ್ಚಿ ದಸ್ತಗೀರನ ಬಳಿ ಒಯ್ದೆ. ಅವನು ಕಿವಿಗೆ ಹಿಡಿದ, ಮೇಜಿನ ಮೇಲಿಟ್ಟು ಎರಡು ಸುತ್ತು ಕಾದ.

"ಬರೋಬರಿ ಐತ್ರಿ" ಎಂದ.

ಮರುವಾರ ಮತ್ತೆ ಒಯ್ದೆ, ಮತ್ತೆ ಅದೇ ಮಾತು. ಬೇರೆ ಬಸ್ಸಿನ ಗಡಿಯಾರವನ್ನು ಲಾಲಸಾಬರ ಗಾಡಿಗೆ ಹಾಕಿದೆ. ಅದೂ ಕೆಂಪಿಗೇ ನಿಂತಿತು. ಗುಂಡಿ ಒತ್ತುವುದು ತಡವಾಗುತ್ತಿದೆಯೇನೋ ಎಂದು ಒತ್ತುವ ಕೆಲಸವನ್ನು ಕಂಟ್ರೋಲರನಿಗೆ ವಹಿಸಿದೆ. ಆದರೂ ಕೆಂಪೇ. ಮೂರನೆಯ ಸಲ ಅಂಗಡಿಗೆ ಹೋದಾಗ ದಸ್ತಗೀರ ಗಡಿಯಾರವನ್ನು ಮುಟ್ಟಲೂ ಇಲ್ಲ.

"ಇನ್ನ ಬಿಚ್ಚಬ್ಯಾಡ್ರಿ ಸಾಹೇಬ್ರ. ಚಲೋ ನಡದೈತಿ, ನಡೀಲಿ ಬಿಡ್ರಿ."

ಕಸುಬುದಾರನ ಸೊಕ್ಕು ಎಂದುಕೊಂಡೆ. ಆ ವಾರ ಲಾಲಸಾಬರ ಬಸ್ಸಿನ ಎಂಜಿನ್ ಚೌಕದಲ್ಲಿ ಎರಡು ಸಲ ಬಂದ್ ಬಿದ್ದು, ಒಂದು ದಿನ ಹನ್ನೊಂದು ಜನರಿಗೆ ರೈಲು ತಪ್ಪಿತು. ನನಗೆ ರೇಗಿತು. ಶುಕ್ರವಾರ ಮ್ಯಾನೇಜರ್ ಸಾಹೇಬರಿಗೆ ವರದಿ ಬರೆದೆ: ಉಪಕರಣ ಸರಿಯಿದೆ, ಚಾಲಕರಿಗೆ ಅದನ್ನು ಬಳಸಲು ಬರುವುದಿಲ್ಲ, ಅವರನ್ನು ಬೇರೆ ರೂಟಿಗೆ ಹಾಕುವುದು ಒಳ್ಳೆಯದು. ಅಕ್ಷರ ದುಂಡಗಿತ್ತು. ಬರೆದು ಮುಗಿಸಿ ಸಮಾಧಾನದಿಂದ ಚಹಾ ಕುಡಿದೆ ಎಂಬುದೂ ನೆನಪಿದೆ.

ಶನಿವಾರ ಟಿಕೋಟಾದಲ್ಲಿ ಊಟಕ್ಕೆ ಕೂತಾಗ ಇದೇ ಪುರಾಣ ಬಿಚ್ಚಿದೆ. ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಮೂರು ವಾರದಿಂದ ಗಡಿಯಾರದ ಮಾರಿ ನೋಡಾಕತ್ತೀರಿ. ಅಲ್ಲಿ ಗಾಡಿ ನಿಂತಾಗ ಆ ಮನಷ್ಯಾನ ಮಾರಿ ಒಂದ ಸಲರೆ ನೋಡೀರೇನು?"

ನೋಡಿರಲಿಲ್ಲ. ಸುಮಿತ್ರಾ ಈಗ ಇಲ್ಲ. ಆ ಧ್ವನಿ, ಹೆಂಚಿನ ಮೇಲಿನ ರೊಟ್ಟಿಯ ವಾಸನೆ, ನನ್ನ ಜಾಣತನವನ್ನು ಒಂದೇ ಮಾತಿಗೆ ಇಳಿಸಿಬಿಡುವ ಅವಳ ರೀತಿ ಎಲ್ಲ ಬೇಕೆನಿಸುತ್ತದೆ. ವಾರಕ್ಕೆ ಎರಡೇ ದಿನ ಅವಳ ಜೊತೆ ಇದ್ದ ಆ ಕಾಲವನ್ನು ಆಗ ಶಾಪ ಹಾಕುತ್ತಿದ್ದೆ. ಈಗ ಆ ಎರಡು ದಿನ ಸಿಕ್ಕರೂ ಸಾಕು.

ಸೋಮವಾರ ಬಸ್ ನಿಲ್ದಾಣದಲ್ಲಿ ಲಾಲಸಾಬರ ಗಾಡಿ ಹತ್ತಿ, ಅವರ ಮಗ್ಗುಲಿಗಿದ್ದ ಬಾನೆಟ್ಟಿನ ಮೇಲೆ ಕೂತೆ. ಬಲ್ಬು ಹೊತ್ತಿತು, ಕಂಟ್ರೋಲರ್ ಗುಂಡಿ ಒತ್ತಿದ. ಸುಣ್ಣದ ಕಂಬಕ್ಕೆ ಬಂದಾಗ ಮುಳ್ಳು ಹಸಿರಿನ ನಟ್ಟನಡುವೆ ಇತ್ತು. ಲಾಲಸಾಬರು ಅದನ್ನು ಸರಿಯಾಗಿಯೇ ನೋಡಿದರು. ನೋಡಿ, ಗೇರು ಇಳಿಸಿದರು. ಮುಂದಿನ ಟಾಂಗಾಕ್ಕೆ ದಾರಿ ಬಿಟ್ಟರು, ಒಬ್ಬ ಮುದುಕಿ ರಸ್ತೆ ದಾಟುವತನಕ ಕಾದರು, ಮುಳ್ಳು ಕೆಂಪಿಗೆ ಸರಿಯುವುದನ್ನು ಖಾತ್ರಿ ಮಾಡಿಕೊಂಡು ಚೌಕಕ್ಕೆ ಬಂದು ಎಲ್ಲರಿಗಿಂತ ಮುಂದೆ ನಿಂತರು. ನಾವು ಹಸಿರು ಹಿಡಿಯಲೆಂದು ಮಾಡಿದ ಗಡಿಯಾರದಿಂದ ಅವರು ದಿನಾ ಕೆಂಪನ್ನು ಹಿಡಿಯುತ್ತಿದ್ದರು!

ಗಾಡಿ ನಿಂತ ಕೂಡಲೇ ಅವರು ಬಲಕ್ಕೆ ತಿರುಗಿ ಮೇಲೆ ನೋಡಿದರು. ನಾನೂ ನೋಡಿದೆ. ದಸ್ತಗೀರನ ಅಂಗಡಿಯ ಮೇಲಿನ ಮಾಳಿಗೆಯ ಕಟಾಂಜನದ ಹಿಂದೆ ಒಬ್ಬ ಹುಡುಗಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೈ ಬೀಸಲಿಲ್ಲ, ನಗಲಿಲ್ಲ. ಕೂಸಿನ ಮುಖ ರಸ್ತೆಯ ಕಡೆಗೆ ತಿರುಗಿಸಿ ಹಿಡಿದಿದ್ದಳು, ಅಷ್ಟೇ. ಹಸಿರು ಬಿತ್ತು. ಲಾಲಸಾಬರು ಗೇರು ಹಾಕಿದರು.

ಸ್ಟೇಶನ್ನಿನಲ್ಲಿ ಜನ ಇಳಿದ ಮೇಲೆ ಕೇಳಿದೆ. "ಮುಳ್ಳು ಹಸರಿನ್ಯಾಗ ಇತ್ತಲ್ರಿ ಲಾಲಸಾಬ. ಯಾಕ ನಿಂದ್ರಿಸಿದ್ರಿ?"

ಅವರು ಮುಚ್ಚಿಡಲಿಲ್ಲ. "ಗಡಿಯಾರದ ತಪ್ಪಿಲ್ರಿ ಸಾಹೇಬ್ರ. ಅಕಿ ನನ್ನ ಮಗಳು, ಶಮಶಾದ. ಟಿಕೋಟಾದಾಗಿನ ನನ್ನ ತಂಗಿಗೆ ಮಾತ ಕೊಟ್ಟಿದ್ದೆ, ನಿನ್ನ ಮಗಗ ಕೊಡ್ತೇನಿ ಅಂತ. ಇಕಿ ಒಲ್ಲೆ ಅಂದ್ಲು, ಈ ಗಡಿಯಾರದಾವನ್ನ ಮಾಡ್ಕೊಂಡ್ಲು. ನಾಕ ಮಂದಿ ಹಿರೇರ ಮುಂದ ಅಂದಬಿಟ್ಟೇನ್ರಿ, ನಿನ್ನ ಹೊಸ್ತಿಲಾ ತುಳದ್ರ ನಾ ನಮ್ಮಪ್ಪಗ ಹುಟ್ಟಿದಾವಲ್ಲ ಅಂತ. ಅಕಿನೂ ಅಂದಾಳ, ನೀ ಕರಿಯೂತನಾ ಬಬಲೇಶ್ವರಕ್ಕ ಕಾಲಿಡಂಗಿಲ್ಲ ಅಂತ. ಎರಡ ವರ್ಷಾತು."

"ಕರೀಬೇಕಿಲ್ಲೇನ್ರಿ?"

"ಹೆಂಗ ಕರೀಲಿ? ಚೊಚ್ಚಲ ಬಾಣಂತನ ನಮ್ಮ ಮನ್ಯಾಗ ಆಗಬೇಕಿತ್ತು, ಆಗಲಿಲ್ಲ. ಕೂಸಿನ ತಲಿಗೆ ಕುಂಚಗಿ ನಾವು ಹೊಲಿಸಿ ಒಯ್ಯಬೇಕಿತ್ತು, ಒಯ್ಯಲಿಲ್ಲ. ಈಗ ಯಾವ ಮಾರಿ ಹೊತ್ತು ಕರೀಲಿ?" ಆಮೇಲೆ ತಾವೇ ಅಂದರು, "ನಲವತ್ತೈದ ಸೆಕಂಡ್ರಿ. ಅಷ್ಟರೊಳಗ ಕೂಸಿಗೆ ಹಲ್ಲ ಬಂದಾವೇನು, ಅಕಿ ಸೊರಗ್ಯಾಳೇನು, ಎಲ್ಲಾ ನೋಡಬೇಕ. ಮದಲೆಲ್ಲ ದೀಪ ಹೆಂಗ ಬೀಳ್ತಿತ್ತೋ ಹಂಗ. ವಾರದಾಗ ಒಂದ ಸಲ, ಎರಡ ಸಲ ಸಿಗತಿತ್ತು. ನೀವು ಗಡಿಯಾರಾ ಕೊಟ್ಟಮ್ಯಾಲ ದಿನಾ ಸಿಗತೈತಿ. ನಿಮಗ ಪುಣ್ಯಾ ಬರ್ಲಿ."

ಪುಣ್ಯ! ನಾನು ಬರೆದ ವರದಿ ಅಷ್ಟರಲ್ಲಿ ಮ್ಯಾನೇಜರರ ಮೇಜಿನ ಮೇಲಿತ್ತು. ಡಿಪೋಗೆ ಓಡಿದೆ. ಆದೇಶ ಆಗಲೇ ಟೈಪಾಗಿತ್ತು: ಗುರುವಾರದಿಂದ ಲಾಲಸಾಬರು ಸಿಂದಗಿ ರೂಟಿಗೆ. ಆ ಬಸ್ಸು ಚೌಕದ ಹತ್ತಿರವೂ ಸುಳಿಯುವುದಿಲ್ಲ. ವರದಿ ಹಿಂದಕ್ಕೆ ಪಡೆಯುತ್ತೇನೆ ಎಂದೆ. ಮ್ಯಾನೇಜರ್ ಕನ್ನಡಕ ತೆಗೆದು ನೋಡಿದರು.

"ಬರದಾವ್ರು ನೀವ. ಈಗ ಬ್ಯಾಡ ಅನ್ನಾಕ ಕಾರಣ ಏನಂತ ಬರೀತೀರಿ?"

ಏನು ಬರೆಯಲಿ? ಇದ್ದದ್ದು ಬರೆದರೆ ರೂಟು ಬದಲಾಗುವುದಿರಲಿ, ಬೇಕೆಂದೇ ಬಸ್ಸು ನಿಲ್ಲಿಸಿ ಜನರಿಗೆ ರೈಲು ತಪ್ಪಿಸಿದ್ದಕ್ಕೆ ಅವರ ನೌಕರಿಗೇ ಸಂಚಕಾರ. ಹೊರಗೆ ಬಂದೆ. ಸುದ್ದಿಯನ್ನು ನಾನೇ ಲಾಲಸಾಬರಿಗೆ ಹೇಳಿದೆ. ವರದಿ ಬರೆದವನು ನಾನೇ ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. "ನಿಮಗೇನ ಗೊತ್ತಿತ್ರಿ" ಎಂದು ಹೆಗಲ ಮೇಲಿನ ಟವೆಲಿನಿಂದ ಸ್ಟೇರಿಂಗ್ ಒರೆಸತೊಡಗಿದರು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮಂಗಳವಾರ ದಸ್ತಗೀರನ ಅಂಗಡಿಗೆ ಹೋಗಿ ನಾಳೆಯೇ ಕೊನೆಯ ದಿನ ಎಂದು ತಿಳಿಸಿದೆ. ಅವನು ಕಣ್ಣಿನ ಭೂತಗನ್ನಡಿ ತೆಗೆದು ಕೆಳಗಿಟ್ಟ. "ಇಬ್ಬರ ಹಟಾನೂ ಒಂದ ನಮೂನಿ ಐತ್ರಿ ಸಾಹೇಬ್ರ. ಅಕಿಗೆ ಹೇಳಿ ನೋಡ್ತೇನಿ" ಎಂದ.

ಬುಧವಾರ ಮತ್ತೆ ಬಾನೆಟ್ಟಿನ ಮೇಲೆ ಕೂತೆ. ಲಾಲಸಾಬರು ಬಿಳಿ ಟೊಪ್ಪಿಗೆ ಹಾಕಿದ್ದರು. ಸುಣ್ಣದ ಕಂಬದ ಹತ್ತಿರ ಮುಳ್ಳು ಹಸಿರಿನಲ್ಲಿತ್ತು. ಅವರು ನನ್ನ ಮುಖ ನೋಡಿದರು, ನಾನು ಹ್ಞೂಂ ಎಂದೆ. ಗೇರು ಇಳಿಸಿದರು. ಕೆಂಪಿಗೆ ಸರಿಯಾಗಿ ಮುಂದೆ ಬಂದು ನಿಂತು ಮೇಲೆ ನೋಡಿದರು. ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ಹತ್ತು ಸೆಕೆಂಡು ಹೋಯಿತು, ಹದಿನೈದು ಹೋಯಿತು.

ಅಷ್ಟರಲ್ಲಿ ಅಂಗಡಿಯ ಪಕ್ಕದ ಮೆಟ್ಟಿಲಿಳಿದು ಶಮಶಾದ್ ಹೊರಗೆ ಬಂದಳು. ಸೆರಗು ತಲೆಯ ಮೇಲೆ, ಕೂಸು ಕಂಕುಳಲ್ಲಿ. ಅರ್ಧ ರಸ್ತೆ ದಾಟಿ ಡ್ರೈವರ್ ಬಾಗಿಲಿನ ಕೆಳಗೆ ನಿಂತಳು.

"ಅಬ್ಬಾ, ಇದು ನನ್ನ ಹೊಸ್ತಿಲಾನೂ ಅಲ್ಲ, ನಿನ್ನ ಊರೂ ಅಲ್ಲ. ರಸ್ತೆ ಐತಿ. ತಗೋ" ಎಂದು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಲಾಲಸಾಬರು ಕಿಟಕಿಯಿಂದ ಬಗ್ಗಿ ಎತ್ತಿಕೊಂಡರು. ಆ ಕೂಸು ಅಳಲಿಲ್ಲ. ಅವರ ಗಡ್ಡ ಹಿಡಿಯಿತು. ಅವರು ಅದರ ಬಾಯೊಳಗೆ ಬೆರಳು ಆಡಿಸಿ ಹಲ್ಲು ಮುಟ್ಟಿ ನೋಡಿದರು, ಒಂದು ಸಲ ಮೂಸಿದರು, ಎದೆಗೆ ಒತ್ತಿಕೊಂಡರು. ಬಸ್ಸಿನೊಳಗಿನ ಜನ ಬಲಗಡೆಯ ಕಿಟಕಿಗಳಿಗೆ ಬಂದು ನೋಡಿದರು. ದೀಪ ಬದಲಾಯಿತು, ಹಿಂದೆ ಹಾರ್ನ್ ಶುರುವಾಯಿತು.

"ಅಬ್ಬಾ, ಹಸರ ಬಿತ್ತು" ಎಂದು ಶಮಶಾದ್ ಕೈ ಚಾಚಿದಳು.

"ಬೀಳಲಿ ಬಿಡ" ಎಂದರು ಲಾಲಸಾಬರು.

ನಾನು ಇಳಿದು ಹಿಂದಿನ ಟಾಂಗಾಗಳನ್ನು ಪಕ್ಕದಿಂದ ಸಾಗಹಾಕಿದೆ. ಹಸಿರು ಹೋಗಿ ಕೆಂಪು ಬಂತು, ಕೆಂಪು ಹೋಗಿ ಹಸಿರು ಬಂತು. ಎಷ್ಟು ಸುತ್ತು ಎಂದು ನಾನು ಎಣಿಸಲಿಲ್ಲ. ಎಂಜಿನ್ ಯಾವಾಗಲೋ ಬಂದ್ ಬಿದ್ದಿತ್ತು. ಕೊನೆಗೆ ಕೂಸನ್ನು ಮಗಳ ಕೈಗೆ ಕೊಟ್ಟು ಲಾಲಸಾಬರು ಕಣ್ಣೊರೆಸಿಕೊಂಡಾಗ, ದಸ್ತಗೀರ ಅಂಗಡಿ ಬಿಟ್ಟು ಬಂದು ಎಲ್ಲರ ಜೊತೆ ಗಾಡಿ ದಬ್ಬಿದ. ಸೊಲ್ಲಾಪುರದ ರೈಲು ನಮಗಾಗಿ ಕಾಯಲಿಲ್ಲ. ಪ್ರಯಾಣಿಕರಲ್ಲಿ ಒಬ್ಬರು ನನಗೆ ಸರಿಯಾಗಿ ಬಯ್ದರು, ಬಯ್ಯಲು ಅವರಿಗೆ ಹಕ್ಕಿತ್ತು.

ಅದಾದ ಕೆಲವೇ ತಿಂಗಳಿಗೆ ನನಗೆ ವರ್ಗವಾಯಿತು. ಸಿಗ್ನಲ್ಲನ್ನೂ ಕಿತ್ತರೆಂದು ಕೇಳಿದೆ. ಲಾಲಸಾಬರು ಮುಂದೆ ಆ ಹೊಸ್ತಿಲು ದಾಟಿದರೋ, ಶಮಶಾದ್ ಬಬಲೇಶ್ವರಕ್ಕೆ ಹೋದಳೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಬೇಕಿತ್ತು ಎಂಬ ಹಳಹಳಿ ಇವತ್ತಿಗೂ ಹೋಗಿಲ್ಲ. ಆಮೇಲಿನ ನೌಕರಿಯಲ್ಲಿ ಯಾವ ಡ್ರೈವರ್ ಮೇಲೆ ದೂರು ಬಂದರೂ, ಬರೆಯುವ ಮೊದಲು ಅವನ ಮಗ್ಗುಲಿಗೆ ಒಂದು ಟ್ರಿಪ್ಪು ಕೂತು ಬರುತ್ತಿದ್ದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು.

ಆ ಬುಧವಾರ ಮಧ್ಯಾಹ್ನ ಮ್ಯಾನೇಜರ್ ಸಾಹೇಬರು ತಡವಾದದ್ದಕ್ಕೆ ವರದಿ ಕೇಳಿದರು. ಚಾಲಕನ ಹೆಸರಿನ ಮುಂದೆ ಏನೂ ಬರೆಯಲಿಲ್ಲ. ಕಾರಣದ ಜಾಗದಲ್ಲಿ "ಚಾರ್ಜ್‌ಮನ್‌ನ ತಪ್ಪು" ಎಂದು ಬರೆದು ಸಹಿ ಮಾಡಿದೆ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಅಷ್ಟು ಖರೆ ವರದಿ ಇನ್ನೊಂದು ಬರೆದಿಲ್ಲ.