ವಾಲ್ವ್ ತಿರುಗಿಸದ ಬೆಳಿಗ್ಗೆ

ಇಂಥದ್ದನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕಾವಿ ತೊಡುವ ಮೊದಲು ನಾನು ರಾಜಾಜಿನಗರದಲ್ಲಿ ನೀರು ಬಿಡುವವನಾಗಿದ್ದೆ. ಐವತ್ತರ ದಶಕ, ಬಡಾವಣೆ ಆಗತಾನೇ ಏಳುತ್ತಿತ್ತು. ಮಠಕ್ಕೆ ಬರುವ ಕೆಲವರಿಗೆ ನಾನು ಈ ಮಾತು ಎತ್ತುವುದು ಇಷ್ಟವಿಲ್ಲ. ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಎದೆಯೆತ್ತರದ ಕಬ್ಬಿಣದ ಕೀಲಿ ಹೊತ್ತು ಬೀದಿ ಬೀದಿ ತಿರುಗುತ್ತಿದ್ದೆ. ವಾಲ್ವಿಗೆ ಅದನ್ನು ಇಳಿಸಿ ಮೇಲ್ತುದಿಗೆ ಕಿವಿಯಿಟ್ಟರೆ ನೆಲದಡಿ ನೀರು ಹರಿಯುತ್ತಿದೆಯೋ, ಗಾಳಿ ಸಿಕ್ಕಿಕೊಂಡಿದೆಯೋ ತಿಳಿಯುತ್ತಿತ್ತು. ಸುಮ್ಮನಿದ್ದು ಕೇಳುವುದನ್ನು ಯಾವ ಗುರುವೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಒಂದು ಬೆಳಿಗ್ಗೆ ದಿಬ್ಬದ ಮೇಲೆ ಕಟ್ಟಿದ್ದ ಹೊಸ ತೊಟ್ಟಿಗೆ ಮೊದಲ ಸಲ ನೀರು ತುಂಬಿಸಬೇಕಿತ್ತು. ವಾಲ್ವ್ ಇದ್ದದ್ದು ಎರಡು ಫರ್ಲಾಂಗು ಕೆಳಗೆ. ತೊಟ್ಟಿ ಖಾಲಿಯಿದೆಯೆಂದು ಮೇಸ್ತ್ರಿ ಹೇಳಿ ಕಳಿಸಿದ್ದ. ಇಂಜಿನಿಯರು ಪಕ್ಕದಲ್ಲಿದ್ದರು, ಸುತ್ತ ಬೇರೆ ನರಪಿಳ್ಳೆಯಿರಲಿಲ್ಲ. ನಾನು ಕೀಲಿ ಇಳಿಸಿ ಕಿವಿಯಿಟ್ಟೆ.

"ತಡಿಯಪ್ಪ, ಒಳಗವ್ನೆ."

ಹೆಂಗಸಿನ ದನಿ. ಸ್ಪಷ್ಟವಾಗಿ, ಅವಸರವಿಲ್ಲದೆ ಹೇಳಿತು. ನನ್ನ ಕೈ ಕೀಲಿಯ ಮೇಲೇ ನಿಂತಿತು. ಇಂಜಿನಿಯರಿಗೆ ಏನೂ ಕೇಳಿಸಿರಲಿಲ್ಲ. ಇನ್ನೊಮ್ಮೆ ತೊಟ್ಟಿ ನೋಡಿ ಬರೋಣವೆಂದೆ. ಅವರು ರೇಗಿದರು.

"ನೀರು ಬಿಡು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಬರಲ್ಲ ಸಾರ್. ಆದ್ರೆ ತೊಟ್ಟಿ ನೋಡೋವರೆಗೂ ಬಿಡಲ್ಲ."

ಅದುವರೆಗೆ ಯಾರಿಗೂ ಎದುರಾಡಿದವನಲ್ಲ. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೂ ಕೀಲಿ ಹೆಗಲಿಗೇರಿಸಿ ದಿಬ್ಬ ಹತ್ತಿದೆ. ಇಂಜಿನಿಯರು ಗೊಣಗುತ್ತ ಹಿಂದೆ ಬಂದರು.

ತೊಟ್ಟಿಯ ತಳದಲ್ಲಿ ಗಾರೆ ಕೆಲಸದ ಸಿದ್ದ ಎಚ್ಚರ ತಪ್ಪಿ ಬಿದ್ದಿದ್ದ. ಮರೆತ ಕರಣಿ ತರಲು ಯಾರಿಗೂ ಹೇಳದೆ ಇಳಿದಿದ್ದನಂತೆ, ಏಣಿ ಜಾರಿತ್ತು. ಅವನನ್ನು ಮೇಲೆತ್ತುವಾಗ ಇಂಜಿನಿಯರೇ ಕೈಕೊಟ್ಟರು. ಕೆಲಸದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಸಿದ್ದ ಕುಂಟುತ್ತ ಮಠಕ್ಕೆ ಬಂದ. ಅಂದು ಕೀಲಿಯಲ್ಲಿ ಕೇಳಿಸಿದ ದನಿಯ ವಿಷಯ ಅವನಿಗೆ ಆಗಲೇ ಹೇಳಿದ್ದೆ. ಆ ಹೆಂಗಸು ಯಾರೆಂದು ಕೇಳಿದೆ.

"ನಂದು ಅಂತ ಈ ಊರಲ್ಲಿ ಒಂದು ಹೆಣ್ಣು ದನಿ ಇರ್ಲಿಲ್ಲ ಬುದ್ಧಿ. ನಿಮ್ಮೋರು ಯಾರಾದ್ರೂ ಇರ್ಬೋದಾ ಅಂತ ಕೇಳೋಣ ಅಂತ್ಲೇ ನಾನು ಬಂದೆ."

ಆ ದನಿ ನನ್ನವರದೂ ಅಲ್ಲವೆಂದೆ. ಊಟದ ಹೊತ್ತಾಗಿತ್ತು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು.