ಪೆಂಗ್ವಿನ್ ಮೇಸ್ತ್ರಿಯ ಹಿಮದ ಗೋಡೆ

ನಮ್ಮ ಬೀದಿಯಲ್ಲಿ ಗೋಡೆಗೆ ಬಣ್ಣ ಹೊಡೆಯುವವನೊಬ್ಬ ಇದ್ದ. ಹೆತ್ತವರು ಇಟ್ಟ ಹೆಸರು ಹೆಂಡತಿಗೂ ಮರೆತಿತ್ತೋ ಏನೋ, ಊರಿಗೆಲ್ಲ ಅವನು ಪೆಂಗ್ವಿನ್ ಮೇಸ್ತ್ರಿ. ವಯಸ್ಸಿನಲ್ಲಿದ್ದಾಗ ದಕ್ಷಿಣ ಧ್ರುವದ ಯಾವುದೋ ಸಂಶೋಧನಾ ಕೇಂದ್ರದ ಒಳಗೋಡೆಗೆ ಬಣ್ಣ ಬಳಿಯೋಕೆ ಹಡಗು ಹತ್ತಿ ಹೋಗಿ, ಹದಿಮೂರು ತಿಂಗಳು ಇದ್ದು ಬಂದವನು. ಬಂದಾಗ ಎಲ್ಲರೂ ಕೇಳಿದ್ದು ಒಂದೇ ಮಾತು: "ಪೆಂಗ್ವಿನ್ ನೋಡಿದ್ಯಾ?"

"ಎರಡು ನೋಡಿದೆ. ಎರಡೂ ಬೆನ್ನು ತಿರುಗಿಸಿ ನಿಂತಿದ್ದವು, ಥೇಟ್ ನಮ್ಮ ನೆಂಟರ ಹಾಗೆ."

ಹಿಮದ ಸುದ್ದಿ ಯಾರೂ ಎತ್ತಲಿಲ್ಲ. ಬಿಳಿ ಅಂದರೆ ಬಿಳಿ ತಾನೆ, ಕೇಳೋದೇನಿದೆ? ಆದರೆ ಅವನ ತಲೆಯಲ್ಲಿ ಬೇರು ಬಿಟ್ಟಿದ್ದು ಅದೇ. ಗಾಳಿಯೇ ನೇಗಿಲು ಹೂಡಿ ಉತ್ತ ಹಾಗೆ ಸಾಲುಸಾಲು ಏಣು. ಆ ಏಣುಗಳನ್ನು ಸೀಳಿಕೊಂಡು ಕಣ್ಣು ಹೋಗುವಷ್ಟು ದೂರ ಓಡಿದ ಒಂದೇ ಒಂದು ಬಿರುಕು.

ಐವತ್ತೈದಕ್ಕೆ ಕಣ್ಣು ಮಂಜಾಯಿತು. ಹಿಮದ ಬೆಳಕು ಹೊಡೆದದ್ದು ಅಂತ ಬೀದಿ ತೀರ್ಪು ಕೊಟ್ಟಿತು. ಡಾಕ್ಟರು, "ಅದಲ್ಲ, ಕಣ್ಣಿನ ನರ ಒಣಗ್ತಿದೆ. ನಿಮ್ಮ ತಂದೆಗೂ ಹೀಗೆ ಇತ್ತಾ?" ಅಂದರು. ಇತ್ತು.

ಮಾರನೇ ದಿನವೇ ಮೇಸ್ತ್ರಿ ಮಂಚದ ಎದುರಿನ ಗೋಡೆಗೆ ಪುಟ್ಟಿ ಕಲಸಿದ. ಕಣ್ಣು ಆರಿಹೋಗುವುದರೊಳಗೆ ಆ ಹಿಮವನ್ನು ಗೋಡೆಗೆ ಇಳಿಸಬೇಕು, ಆಮೇಲೆ ಬೆರಳಲ್ಲಿ ನೋಡಿಕೊಂಡಿರಬಹುದು. ಅವನ ಆಸೆ ಇಷ್ಟೇ. ತೆಳ್ಳಗೆ ಮೆತ್ತುವುದು, ಒಣಗಲು ಬಿಡುವುದು, ತಗಡಿನಿಂದ ಕೆತ್ತುವುದು, ಕಣ್ಣು ಮುಚ್ಚಿ ಸವರುವುದು. ಹೀಗೆ ಎರಡು ವರ್ಷ.

"ಏನ್ರೀ ಇದು, ಗೋಡೆಗೆ ಸಿಡುಬು ಎದ್ದ ಹಾಗಿದೆ!" ಅಂದಳು ಹೆಂಡತಿ.

"ನೋಡೋಕಲ್ಲ ಕಣೇ, ಮುಟ್ಟೋಕೆ."

"ಮುಟ್ಟೋಕೆ ನಾನಿಲ್ವಾ?"

"ನಿನ್ನ ಮುಟ್ಟಿದ್ರೆ ಬೈಗುಳ ಬರುತ್ತೆ. ಇದು ಸುಮ್ಮನಿರುತ್ತೆ."

ಗೊಣಗುತ್ತಲೇ ಅವಳು ದಿನಾ ಅದರ ಧೂಳು ಒರೆಸಿದಳು.

ಉಳಿದ ಚೂರು ಬೆಳಕನ್ನಾದರೂ ಉಳಿಸೋಣ ಅಂತ ಆಪರೇಷನ್ ನಿಗದಿಯಾಯಿತು. ಗಂಡ ಹೆಂಡತಿ ಇಬ್ಬರೂ ಹತ್ತು ದಿನ ಆಸ್ಪತ್ರೆಯಲ್ಲಿ. ಮನೆಯ ಬೀಗದ ಕೈ ಬಾಮೈದನ ಹತ್ತಿರ. ಅವನೂ ಬಣ್ಣದ ಕೆಲಸದವನೇ, ಭಾವನ ಕೈಕೆಳಗೇ ಬ್ರಷ್ ಹಿಡಿಯಲು ಕಲಿತವನು. ಕೋಣೆಗೆ ಕಾಲಿಟ್ಟು ಗೋಡೆ ನೋಡಿದವನೇ ಕಣ್ಣಲ್ಲಿ ನೀರು ತಂದುಕೊಂಡ. ಎಂಥಾ ಕೈ! ಕಣ್ಣು ಹೋದಮೇಲೆ ಏನು ಮಾಡಿಟ್ಟಿದೆ! ನಾಲ್ಕು ಜನ ನೋಡಿ ನಗಬಾರದು ಅಂತ, ಅಕ್ಕನಿಗೂ ಹೇಳದೆ, ಮೂರು ದಿನ ಉಪ್ಪುಕಾಗದ ಹಿಡಿದು ಉಜ್ಜಿ, ಎರಡು ಕೋಟ್ ಬಿಳಿ ಹೊಡೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ದೊಣ್ಣೆ ಹಿಡಿದು ಬಂದವನು ಪ್ರೀತಿಯ ಬಾಮೈದ.

ಆಪರೇಷನ್ ಕೈಕೊಟ್ಟಿತು. ಪಟ್ಟಿ ಬಿಚ್ಚಿದರೂ ಕತ್ತಲೆ. ಆಟೋದಲ್ಲಿ ಹೆಂಡತಿ ಸೆರಗಿಗೆ ಮುಖ ಒತ್ತಿಕೊಂಡು ಅಳುತ್ತಿದ್ದರೆ ಅವನೇ ಸಮಾಧಾನ ಮಾಡಿದ: "ಅಳಬೇಡ್ವೇ. ಗೋಡೆ ಇದೆಯಲ್ಲ."

ಮನೆಗೆ ಬಂದು, ಹೆಜ್ಜೆ ಎಣಿಸಿಕೊಂಡು ಕೋಣೆಗೆ ಹೋಗಿ ಕೈ ಇಟ್ಟ. ಜಾರಿತು. ಇನ್ನೊಂದು ಕೈಯನ್ನೂ ಇಟ್ಟ. ಮೇಲೆ, ಕೆಳಗೆ, ಪಕ್ಕಕ್ಕೆ. ಗೋಡೆ ತಪ್ಪಿರಬೇಕು ಅಂತ ಹಿಂದೆ ತಡಕಿದರೆ ಮಂಚ ಇದ್ದ ಜಾಗದಲ್ಲೇ ಇತ್ತು.

"ಹೇಗಿದೆ ಭಾವ?" ಬಾಗಿಲಲ್ಲಿ ಬಾಮೈದನ ದನಿ ಉಬ್ಬಿತ್ತು. "ಗೋಡೆ ಅಂದ್ರೆ ಇರುವೆ ಹತ್ತಿದ್ರೂ ಜಾರಬೇಕು. ನೀವೇ ಹೇಳಿಕೊಟ್ಟಿದ್ದು!"

ಹೆಂಡತಿ ಬಾಯಿ ತೆರೆದಳು. ಮೇಸ್ತ್ರಿ ಅವಳ ಮುಂಗೈ ಅದುಮಿದ.

"ಒಳ್ಳೆ ಕೈ ಕಣೋ ನಿಂದು," ಅಂದ. "ಊಟ ಮಾಡ್ಕೊಂಡು ಹೋಗು."

ಅವನು ಹೋದಮೇಲೆ ಮೇಸ್ತ್ರಿ ಎಡತುದಿಯಿಂದ ಬಿರುಕಿನ ದಾರಿಯಲ್ಲಿ ಬೆರಳು ಓಡಿಸಲು ನೋಡಿದ. ಗೇಣು ದೂರ ಹೋಗಿ ನಿಂತ. ಮೇಲಕ್ಕೆ ಹೊರಳುತ್ತಿತ್ತಾ, ಕೆಳಕ್ಕಾ? ಗೋಡೆಗೆ ಇಳಿಸಿದೆನಲ್ಲ ಅಂತ ತಲೆ ಅದನ್ನು ಯಾವತ್ತೋ ಕೈಬಿಟ್ಟಿತ್ತು.

ಹೆಂಡತಿ ಬಂದು ಅವನ ಬೆರಳು ಹಿಡಿದು ಒಂದು ಕಡೆ ಇಟ್ಟಳು. "ಇಲ್ಲಿ ನನ್ನ ಬಟ್ಟೆ ಸಿಕ್ಕಿಕೊಳ್ತಿತ್ತು ರೀ. ದಿನಾ."

"ಆಮೇಲೆ?"

"ಆಮೇಲೆ ಗೊತ್ತಿಲ್ಲ. ನಾನು ಸರಿಯಾಗಿ ಒರೆಸ್ತಾನೇ ಇರಲಿಲ್ಲ."

ಅವನು ಇನ್ನೂ ಒಂಬತ್ತು ವರ್ಷ ಬದುಕಿದ. ಪುಟ್ಟಿ ಕಲಸಲಿಲ್ಲ. ಬಾಮೈದ ವರ್ಷಕ್ಕೊಮ್ಮೆ ಬಂದು ಆ ಗೋಡೆಗೆ ಮತ್ತೊಂದು ಕೋಟ್ ಹೊಡೆದು ಹೋಗುತ್ತಿದ್ದ. ಅದೊಂದೇ ಜಾಗ ಬೆರಳ ಜಿಡ್ಡಿಗೆ ಅಷ್ಟು ಮಾಸೋದು ಯಾಕೆ ಅಂತ ಪ್ರತಿ ಸಲ ಅಕ್ಕನನ್ನು ಬೈಯುತ್ತಿದ್ದ.