ಕೇಳಿ ಕುಡಿಸಿದ ಹಾಲು

ಹೆರಿಗೆ ರಜೆ ಮುಗಿಸಿ ಹರಿಹರದ ತಾಲ್ಲೂಕು ಕಚೇರಿಗೆ ಮರಳಿದ ದಿನಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡ ಹಾಗೆಯೇ ನೆನಪಾಗುತ್ತವೆ. ದಾವಣಗೆರೆಯಲ್ಲಿ ಬಸ್ಸು ಹತ್ತಿದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಹರಿಹರ ಬಂದಾಗ ಕಂಡಕ್ಟರ್ ಪಕ್ಕದ ಕಂಬಿ ಬಡಿದು ಎಬ್ಬಿಸುತ್ತಿದ್ದ. ಅರ್ಜಿ ಹಿಡಿದು ಎದುರು ನಿಂತವರೊಡನೆ ಮಾತಾಡುವಾಗಲೂ ನನ್ನ ಅರ್ಧ ಜೀವ ದಾವಣಗೆರೆ ಅಂಚಿನ ಆವರಗೆರೆಯ ಮನೆಯಲ್ಲಿ, ತೊಟ್ಟಿಲ ಹತ್ತಿರವೇ ಇರುತ್ತಿತ್ತು. ಗಡಿಯಾರ ನೋಡಬೇಕಾಗಿರಲಿಲ್ಲ. ಅಲ್ಲಿ ಮಗಳಿಗೆ ಹಸಿವಾಗುವ ಹೊತ್ತಿಗೆ ಇಲ್ಲಿ ಎದೆ ಬಿಗಿಯುತ್ತಿತ್ತು. ಕಚೇರಿಯ ಜಗಲಿಯಲ್ಲಿ ಯಾರದೋ ಮಗು ಅತ್ತರೂ ಸಾಕು, ನನ್ನ ರವಿಕೆ ತೋಯುತ್ತಿತ್ತು.

ಆಗ ಹಳೇ ಕಡತಗಳ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಕಿಟಕಿಯ ಸಂದಿಯಿಂದ ಬಿಸಿಲು ಸಣ್ಣಗೆ ಬೀಳುತ್ತಿತ್ತು, ಅದರಲ್ಲಿ ಧೂಳು ನಿಧಾನಕ್ಕೆ ಏರುತ್ತ ಇಳಿಯುತ್ತ ಇರುತ್ತಿತ್ತು. ಯಾವ ಕಾಲದವರದೋ ಹೊಲಗದ್ದೆಗಳ ಕಾಗದದ ಕಟ್ಟುಗಳ ನಡುವೆ ಕೂತು, ಕುದಿಸಿ ತೊಳೆದ ಸ್ಟೀಲ್ ಡಬ್ಬಿಗೆ ಹಾಲು ಹಿಂಡುತ್ತಿದ್ದೆ. ಮೊಬೈಲಿನಲ್ಲಿ ಮಗಳ ಫೋಟೊ ತೆಗೆದು ಎದುರಿಗಿಟ್ಟುಕೊಂಡರೆ ಹಾಲು ಬೇಗ ಇಳಿಯುತ್ತಿತ್ತು. ಡಬ್ಬಿಗೆ ಬೀಳುವ ಸದ್ದು ಕೇಳುತ್ತ ಎಷ್ಟೋ ಸಲ ಅಲ್ಲಿಯೇ ಜೋಂಪು ಹತ್ತಿದ್ದುಂಟು. ಹೊರಗೆ ಬಂದಾಗ ಪಕ್ಕದ ಮೇಜಿನವರು, "ಮೇಡಂ ತಪಸ್ಸು ಮುಗೀತೇನ್ರಿ" ಎಂದು ಕಿಚಾಯಿಸುತ್ತಿದ್ದರು. ಕೇಳಿಸಿಕೊಂಡು ಸುಮ್ಮನಿರುವ ಪೈಕಿ ನಾನಲ್ಲ. "ನೀವು ಚಾ ಕುಡ್ದು ಬರೋದಕ್ಕಿಂತ ಬೇಗ ಬಂದೀನ್ರಿ" ಎನ್ನುತ್ತಿದ್ದೆ. ಆಮೇಲೆ ಅವರು ಎರಡು ದಿನ ನನ್ನ ಕಡೆ ನೋಡುತ್ತಿರಲಿಲ್ಲ.

ಸಂಜೆ ಆ ಡಬ್ಬಿ ಐಸ್ ತುಂಬಿದ ಚೀಲದಲ್ಲಿ ನನ್ನೊಂದಿಗೆ ಮನೆಗೆ ಬಂದು ಫ್ರಿಜ್ ಸೇರುತ್ತಿತ್ತು. ಮರುದಿನ ನಾನಿಲ್ಲದಾಗ ಅತ್ತೆ ಅದನ್ನು ಬಿಸಿನೀರಲ್ಲಿಟ್ಟು ತಣುಪು ಮುರಿದು, ಮೂತಿಯಿರುವ ಪುಟ್ಟ ಬೆಳ್ಳಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಗಂಡ ಮಾರಾಟದ ಕೆಲಸದ ಮೇಲೆ ಊರೂರು ಸುತ್ತುವವನು. ಹಾಗಾಗಿ ಹಗಲಿಡೀ ಅಜ್ಜಿ ಮೊಮ್ಮಗಳು ಇಬ್ಬರೇ. ಕೆ.ಬಿ. ಬಡಾವಣೆಯ ನೆಂಟರು ಬಂದಾಗಲೆಲ್ಲ, "ಯಾಕ ಇಷ್ಟು ಒದ್ದಾಡ್ತಿ, ಅಂಗಡಿ ಪುಡಿ ಹಾಲು ಹಾಕು" ಎನ್ನುತ್ತಿದ್ದರು. ಹಾಕಿ ನೋಡಿದ್ದೆವು, ಮಗಳು ಹಾಕಿದಷ್ಟನ್ನೂ ಕಕ್ಕಿದ್ದಳು. ರಾಗಿ ಮಣ್ಣಿಯೂ ಬಾಯಿಗಿಂತ ಅಂಗಿಗೇ ಹೆಚ್ಚು ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಅದಷ್ಟೇ ಕಾರಣವಲ್ಲ. ಅವಳು ಕೂತದ್ದು, ತೆವಳಿದ್ದು, ಮೊದಲ ಸಲ ಚಪ್ಪಾಳೆ ತಟ್ಟಿದ್ದು, ಯಾವುದನ್ನೂ ನಾನು ನೋಡಿರಲಿಲ್ಲ. ಎಲ್ಲ ಅತ್ತೆಯ ಬಾಯಿಂದ ಕೇಳಿದ್ದೆ. ಹಾಲೊಂದು ಮಾತ್ರ ಬೇರೆ ಯಾರೂ ಕೊಡಲಾರದ್ದು, ನನ್ನದು. ಅದು ನಿಂತರೆ ಸಂಜೆ ಬಂದು ಹೋಗುವ ಯಾರೋ ಒಬ್ಬಳಾಗಿಬಿಡುತ್ತೇನೆ ಎಂಬ ಭಯ ನನಗಿತ್ತು.

ಕೆಳಗಿನ ಮನೆಯಲ್ಲಿ ರವಿಕೆ ಹೊಲಿಯುವ ಒಬ್ಬ ಮುಸ್ಲಿಂ ಹೆಂಗಸು ಇದ್ದಳು. ನನಗಿಂತ ಚಿಕ್ಕವಳು, ಅಕ್ಕಾ ಎನ್ನುತ್ತಿದ್ದಳು. ಅವಳ ಮಗ ನನ್ನ ಮಗಳಿಗಿಂತ ತುಸು ಕಿರಿಯ. ಅತ್ತೆಗೆ ಅವಳ ಜೊತೆ ಹರಟೆ ಇಷ್ಟ, ಆದರೆ ಹೊಸ್ತಿಲ ಆಚೆಯೇ ನಿಂತು. ಚಾ ಕೊಡಲು ಬಂದರೆ "ಈಗಷ್ಟೇ ಆತವ್ವ" ಎಂದು ಜಾರಿಕೊಳ್ಳುತ್ತಿದ್ದರು. ಅವಳಿಗೂ ಗೊತ್ತಿತ್ತು, ಆದರೂ ಕೇಳುವುದು ಬಿಟ್ಟಿರಲಿಲ್ಲ.

ಒಂದು ದಿನ ಪಿಂಚಣಿ ಅರ್ಜಿಗಳ ಶಿಬಿರಕ್ಕೆಂದು ನಮ್ಮನ್ನು ನಂದಿಗುಡಿಗೆ ಕಳಿಸಿದರು. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡಬಹುದು ಎಂದುಕೊಂಡಿದ್ದೆ. ಆ ಬಸ್ಸು ಬರಲೇ ಇಲ್ಲ. ನಿಲ್ದಾಣದ ಎದುರಿಗೆ ಕಣ್ಣು ಹಾಯುವವರೆಗೂ ಭತ್ತ, ನಡುವೆ ಕಾಲುವೆ, ಬದುವಿನ ಮೇಲೆ ಅಲುಗದೆ ನಿಂತ ಕೊಕ್ಕರೆಗಳು. ಗಾಳಿ ಬೀಸಿದಾಗ ಇಡೀ ಗದ್ದೆ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು. ಹಾಲು ಹಿಂಡಲು ಅಲ್ಲಿ ಮರೆಯಿರಲಿಲ್ಲ. ಎದೆ ಕಲ್ಲಾಗಿ, ತೋಳೆತ್ತಿದರೆ ನೋಯುತ್ತಿತ್ತು. ಸೆರಗನ್ನು ಎರಡು ಸುತ್ತು ಹೊದ್ದು ಕೂತಿದ್ದಾಗ ಮೊಬೈಲು ರಿಂಗಾಯಿತು.

ಆ ಕಡೆ ಅತ್ತೆ. "ತಪ್ಪಾತವ್ವ. ಬೆಳಗ್ಗಿಂದ ಕರೆಂಟ್ ಇಲ್ಲ, ಹಾಲು ಕೆಟ್ಟುಹೋಗ್ತೈತಿ ಅಂತ ಒಲೆ ಮ್ಯಾಲಿಟ್ಟು ಕಾಸಿಬಿಟ್ಟೆ. ಇಷ್ಟೇ ಇಷ್ಟು ಹಾಲು, ತಳ ಹತ್ತಿತು. ಆಕಿ ಬಾಯಿಗೂ ಮುಟ್ಟಿಸಿಕೊಳ್ಳವಲ್ಲಳು."

ಇನ್ನೊಂದು ದಿನವಾಗಿದ್ದರೆ ರೇಗಿರುತ್ತಿದ್ದೆ. ಆದರೆ ಮನೆಗೆ ಬಂದ ಹಾಲನ್ನೆಲ್ಲ ಕಾಸಿಯೇ ಇಟ್ಟು ಜೀವನ ಕಳೆದವರು ಅವರು. ಹಾಲು ಉಳಿಸಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಹಿಂದೆ ಮಗಳು ಅಳುವುದು ಕೇಳುತ್ತಿತ್ತು, ಅತ್ತು ಅತ್ತು ದನಿ ಒಡೆದ ಅಳು. ಅದು ಕಿವಿಗೆ ಬಿದ್ದದ್ದೇ ತಡ, ನನ್ನ ಹಾಲು ತಾನೇ ಸುರಿದು ಸೀರೆಯ ಮಡಿಲು ತೋಯಿಸಿತು. ಕುಡಿಯುವವಳು ಅಲ್ಲಿ, ಹಾಲು ಇಲ್ಲಿ. ಅಷ್ಟು ಕೈಲಾಗದವಳಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

ಅಷ್ಟರಲ್ಲಿ ಫೋನು ಕೈ ಬದಲಾಯಿತು. ಕೆಳಗಿನ ಮನೆಯವಳು. "ಅಕ್ಕಾ, ನಿಮ್ಮತ್ತಿ ಮಗೂನ ಎತ್ಕೊಂಡು ನಮ್ಮನೀಗೆ ಬಂದಾರೆ. ಕುಡಿಸು ಅಂತಾರೆ. ನಾನು ನಿಮ್ಮನ್ನ ಕೇಳ್ದೇ ಕುಡ್ಸಂಗಿಲ್ಲ. ನಮ್ಮಲ್ಲಿ ಎದಿಹಾಲು ಕುಡಿಸಿದ್ರೆ ಆ ಮಗು ನಮ್ದೇ ಆಗ್ತೈತಿ. ನಾನು ಆಕಿಗೆ ತಾಯಿ, ನನ್ ಮಗ ಆಕಿಗೆ ತಮ್ಮ. ಸಾಯೋ ತನಕ. ಆಮ್ಯಾಲೆ ಇಲ್ಲ ಅನ್ನಾಕ ಬರಂಗಿಲ್ಲ. ನಮ್ಮನೆಯವರಿಗೆ ಫೋನ್ ಮಾಡಿ ಕೇಳೀನಿ, ತಾಯಿ ಒಪ್ಪಿದ್ರೆ ಕುಡಿಸು ಅಂದ್ರು. ನೀವು ಹೇಳ್ರಿ."

ನಾನು ತಕ್ಷಣ ಹೂಂ ಅನ್ನಲಿಲ್ಲ. ಮಗು ಅಳುತ್ತಿತ್ತು, ಆದರೂ ಅನ್ನಲಿಲ್ಲ. ಜಾತಿ ಧರ್ಮದ ಯೋಚನೆ ಬಂತೆಂದು ಯಾರಾದರೂ ತಿಳಿದಾರು. ಅದಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು. ಧೂಳಿನ ಕೋಣೆಯಲ್ಲಿ ಕೂತು, ಮಾತು ಕೇಳಿ, ನಿದ್ದೆಗೆಟ್ಟು ನನ್ನದೆಂದು ಉಳಿಸಿಕೊಂಡದ್ದನ್ನು ಇವಳು ಇಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾಳಲ್ಲ ಎಂದು. ಕೇಳದೆ ಕುಡಿಸಿದ್ದರೆ ಸಿಟ್ಟಾದರೂ ಆಗಬಹುದಿತ್ತು.

"ಕುಡಿಸು" ಎಂದೆ. ಸ್ವಲ್ಪ ಹೊತ್ತಿಗೆ ಆಚೆ ಅಳು ನಿಂತಿತು. ಅವಳು ಫೋನು ಇಡುವುದು ಮರೆತಿದ್ದಳು. ಮಗಳು ಗುಟುಕು ಗುಟುಕಾಗಿ ಕುಡಿಯುವುದು, ನಡುವೆ ಮೂಗಿನಲ್ಲಿ ಉಸಿರೆಳೆದುಕೊಳ್ಳುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನೂ ಫೋನು ಇಡಲಿಲ್ಲ.

ಬಸ್ಸು ಬಂದಾಗ ಬಿಸಿಲು ಇಳಿದಿತ್ತು. ಕಿಟಕಿಗೆ ತಲೆಯಾನಿಸಿದೆ. ಗದ್ದೆ, ಕಾಲುವೆ, ಮತ್ತೆ ಗದ್ದೆ. ನಿದ್ದೆಯೋ ಎಚ್ಚರವೋ ತಿಳಿಯದ ಆ ದಾರಿಯಲ್ಲಿ ಮಗಳು ಒಮ್ಮೆ ನನ್ನ ಮಡಿಲಲ್ಲಿದ್ದಳು, ಒಮ್ಮೆ ಮುಂದಿನ ಸೀಟಿನಲ್ಲಿ ಯಾರದೋ ಹೆಗಲ ಮೇಲಿಂದ ನನ್ನನ್ನು ಅಪರಿಚಿತಳಂತೆ ನೋಡುತ್ತಿದ್ದಳು. ಎಚ್ಚರವಾದಾಗ ಹರಿಹರ ದಾಟಿತ್ತು. ಹೂಂ ಅಂದವಳೂ ನಾನೇ, ಅಂದದ್ದಕ್ಕೆ ಉರಿದುಕೊಂಡವಳೂ ನಾನೇ.

ದೀಪ ಹಚ್ಚುವ ಹೊತ್ತಿಗೆ ಕೆಳಗಿನ ಮನೆಯ ಬಾಗಿಲಿಗೆ ಬಂದೆ. ಒಳಗೆ ಹೊಲಿಗೆ ಯಂತ್ರದ ಪಕ್ಕ ಚಾಪೆಯ ಮೇಲೆ ಅತ್ತೆ ಕೂತಿದ್ದರು, ಕೈಯಲ್ಲಿ ಖಾಲಿ ಚಾ ಲೋಟ. ಮಗಳು ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದಳು. ನಾನು ಕೈ ಸಹ ತೊಳೆಯದೆ ಅವಳನ್ನೆತ್ತಿ ಎದೆಗೆ ಹಿಡಿದೆ. ಅವಳು ಕಣ್ಣು ತೆರೆಯದೆಯೇ ಮುಖ ಆಚೆ ತಿರುವಿದಳು. ಮತ್ತೊಮ್ಮೆ ಹಿಡಿದೆ. ಬೇಡವೆಂದು ಪುಟ್ಟ ಅಂಗೈಯಿಂದ ತಳ್ಳಿ ನಿದ್ದೆಗೆ ಜಾರಿದಳು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎದೆ ಬಿಗಿದ ನೋವಿಗೆ ಎಂದುಕೊಂಡರೋ ಏನೋ, ಅತ್ತೆ ಲೋಟ ಕೆಳಗಿಟ್ಟು ನನ್ನ ಹತ್ತಿರ ಸರಿದರು. ಆಗ ಕೇಳಿಸಿತು, ಅವಳ ಮಗ ಮೂಲೆಯಲ್ಲಿ ಕುಂಯ್‌ಗುಡುತ್ತಿದ್ದ. ಎಷ್ಟು ಹೊತ್ತಿನಿಂದಲೋ. ಅವಳು ಅವನನ್ನೆತ್ತಿ ತೊಡೆ ಕುಣಿಸುತ್ತ, "ಇವನ ಪಾಲಿಂದು ಇವನಕ್ಕ ಕುಡಿದುಬಿಟ್ಳು. ತಡೀಲಿ, ಬರ್ತೈತಿ" ಎಂದು ನಕ್ಕಳು. ನಗುವಾಗ ಅವಳ ಕಣ್ಣು ನನ್ನ ತೋಯ್ದ ರವಿಕೆಯ ಮೇಲೆ ಒಂದು ಕ್ಷಣ ನಿಂತು ಬೇರೆ ಕಡೆ ಹೋಯಿತು. ಮಗನಿಗೆ ಕುಡಿಸೆಂದು ಅವಳು ತಾನಾಗಿ ಕೇಳುವವಳಲ್ಲ ಎಂದು ಗೊತ್ತಾಯಿತು.

ಕಣ್ಣೊರೆಸಿಕೊಂಡು ನಾನೇ ಕೇಳಿದೆ. "ಕುಡಿಸ್ಲಾ?"

ಅವಳು ಗಂಡನಿಗೆ ಫೋನು ಮಾಡಲಿಲ್ಲ, ಅತ್ತೆಯ ಕಡೆಗೂ ನೋಡಲಿಲ್ಲ. ಹುಡುಗನನ್ನು ತಂದು ನನ್ನ ಮಡಿಲಲ್ಲಿಟ್ಟಳು. ಅವನು ಮಗಳಿಗಿಂತ ತೂಕದವನು, ಮೈಯಿಂದ ಬೇರೆ ಎಣ್ಣೆಯ ವಾಸನೆ. ಒಂದು ಗಳಿಗೆ ಅನುಮಾನದಿಂದ ನನ್ನ ಮುಖ ನೋಡಿದ. ಆಮೇಲೆ ಹಸಿವು ಗೆದ್ದಿತು. ಎದೆಯ ಕಲ್ಲು ಕರಗುತ್ತ ಬಂದ ಹಾಗೆ ನನ್ನ ಬೆನ್ನು, ಹೆಗಲು, ದವಡೆ ಒಂದೊಂದಾಗಿ ಸಡಿಲವಾದವು. ಸಂಜೆಯಿಡೀ ಹೊತ್ತು ತಂದ ಕಿಚ್ಚು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವನು ಕುಡಿಯುತ್ತ ಕುಡಿಯುತ್ತ ನನ್ನ ತಾಳಿಯ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ಅತ್ತೆ ಎದ್ದು ಗಾಳಿ ಬಾರದಂತೆ ಬಾಗಿಲು ಮುಂದೆ ಮಾಡಿ ಬಂದರು. ಮಂಚದ ಮೇಲಿನವಳನ್ನೊಮ್ಮೆ, ನನ್ನ ಮಡಿಲಲ್ಲಿದ್ದವನನ್ನೊಮ್ಮೆ ನೋಡಿದರು.

"ಹಂಗಾದ್ರೆ ಇವ್ನಿಗೂ ನಾನೇ ಅಜ್ಜಿ" ಎಂದರು.

ಕುಡಿದು ಮುಗಿಸಿದವನನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ಬೆನ್ನು ತಟ್ಟುತ್ತ ಆ ಚಿಕ್ಕ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದರು. ತೇಗು ಬರುವವರೆಗೂ ಕೆಳಗಿಳಿಸಲಿಲ್ಲ.